ಪರದೆಗೆ ಉಡಿ ತುಂಬಿದ ಶುಕ್ರವಾರ

ನನಗೊಂದು ಕೆಟ್ಟ ಚಾಳಿ ಇದೆ. ಒಳ್ಳೆಯ ಸಿನಿಮಾ ನೋಡಿದರೆ ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ಪ್ರಶಸ್ತಿ ಬಂದ ಸಿನಿಮಾ, ತಿಳಿದವರು ತಲೆದೂಗಿದ ಸಿನಿಮಾ ಹಚ್ಚಿಕೊಟ್ಟರೆ ನಾನು ಎರಡು ಸಲ ಆಕಳಿಸಿ, ಮೂರನೆಯ ಸಲ ಬಾಯಿಗೆ ಸೆರಗು ಅಡ್ಡ ಹಿಡಿದು, ಮುಗಿದ ಮೇಲೆ ‘ಚೆನ್ನಾಗಿದೆ’ ಎಂದು ಎದ್ದು ಬರುವ ಪೈಕಿ. ಆದರೆ ಊರೆಲ್ಲ ಉಗಿದು ಕಳಿಸಿದ ಸಿನಿಮಾ, ಮೂರನೆಯ ದಿನಕ್ಕೇ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಬಿದ್ದ ಸಿನಿಮಾ ಇರಲಿ, ಅದರ ನಾಯಕಿ ‘ಅಮ್ಮಾ’ ಎಂದು ಗೋಡೆಗೆ ಒರಗಿದರೆ ಸಾಕು, ನನ್ನ ಸೆರಗು ಕಣ್ಣಿಗೆ ಹೋಗುತ್ತದೆ. ಇದನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ನಿಮ್ಮ ಮುಂದೆ ಹೇಳುತ್ತಿದ್ದೇನೆ, ನಿಮ್ಮೊಳಗೇ ಇರಲಿ.

ಮೊನ್ನೆ ಮುದ್ದೇಬಿಹಾಳದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಹೀಗಾಯಿತು. ಕಂಪ್ಯೂಟರಿನ ಸುತ್ತ ನಾಲ್ಕು ಜನ ಮೇಷ್ಟರು ನೆರೆದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇತಿಹಾಸ ಕಲಿಸುವ ಸರ್ ನನ್ನನ್ನು ಕಂಡವರೇ, ‘ಮೇಡಮ್ಮಾರ, ಲಗೂ ಬರ್ರಿ, ನಿಮ್ಮ ದಿಂಬಮ್ಮ ಬಂದಾಳ’ ಎಂದು ಕರೆದರು. ನಾನು ಹೋಗಲಿಲ್ಲ. ಆಗಲೇ ತೊಳೆದಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಂಡು ನಳದ ಕಡೆ ನಡೆದೆ. ಸಾಬೂನು ಹಚ್ಚಿ ಇನ್ನೊಮ್ಮೆ ತೊಳೆದೆ. ಒಳಗೆ ನಗು ನಿಲ್ಲುವವರೆಗೆ ತೊಳೆಯುತ್ತಲೇ ಇದ್ದೆ.

‘ನಿಮ್ಮ ದಿಂಬಮ್ಮ’ ಎಂದರಲ್ಲ, ಅವರು ಹೇಳಿದ್ದು ಸರಿಯೇ. ಆ ಹೆಸರು ಹಬ್ಬುವುದಕ್ಕೆ ನಾನೂ ಕಾರಣಳು. ಅದನ್ನು ಹೇಳಿ ಮುಗಿಸಬೇಕೆಂದೇ ಈಗ ಕೂತಿದ್ದೇನೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಡಬ್ಬಿಯ ಕಥೆ ಹೇಳಿದೆ, ಬೇಜಾರು ಮಾಡಿಕೊಳ್ಳಬೇಡಿ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ನೋಡಿದರೆ ನಗುತ್ತೀರಿ, ಆಮೇಲೆ ನಿಮ್ಮ ಮೇಲೆ ನನಗೆ ಸಿಟ್ಟು ಬರುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಬಂದ ಸಿನಿಮಾ ಎಂದಷ್ಟೇ ತಿಳಿಯಿರಿ. ಇಂಡಿಯಲ್ಲಿ ಮೂರು ದಿನಕ್ಕೆ ಎತ್ತಂಗಡಿಯಾಯಿತು. ಬಸವನ ಬಾಗೇವಾಡಿಯವರು ಅದನ್ನು ತರಿಸಲೇ ಇಲ್ಲ. ಸಿಂದಗಿಗೆ ಬಂದದ್ದು ಮಾತ್ರ ಅದೇನು ಕಂಡಿತೋ, ಅಲ್ಲೇ ಕೂತುಬಿಟ್ಟಿತು.

ನಮ್ಮೂರು ಬಾಗೇವಾಡಿಯೇ. ಆದರೆ ಬೇಸಿಗೆ ರಜೆ ಬಂತೆಂದರೆ ನಾನು ಸಿಂದಗಿಯವಳು. ಅಲ್ಲಿ ನನ್ನ ಅಪ್ಪನ ತಂಗಿ, ನೀಲವ್ವ ಅತ್ತೆ ಇದ್ದಳು. ಆಕೆಯ ಗಂಡ, ನನ್ನ ಮಾಮಾನದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಖೋಲಿಯೇ ಗಿರಣಿಯಾಗಿದ್ದರಿಂದ ಮನೆಯಲ್ಲಿದ್ದ ಎಲ್ಲರ ಹುಬ್ಬೂ ಬೆಳ್ಳಗೆ ಇರುತ್ತಿದ್ದವು. ಓಣಿಯ ಹೆಂಗಸರು ಜೋಳದ ಡಬ್ಬಿ ಸಾಲಿಗಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಕಲ್ಲು ತಿರುಗುವ ಸದ್ದಿನಲ್ಲಿ ಮಾತಾಡಿ ಮಾತಾಡಿ ಆ ಓಣಿಯವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಊರಿಗೆ ಬಂದ ಸಿನಿಮಾದ ವಿಚಾರಣೆ ನಡೆಯುತ್ತಿದ್ದದ್ದು ಆ ಕಟ್ಟೆಯ ಮೇಲೆಯೇ. ಅಲ್ಲಿ ಪಾಸಾದರೆ ಪಾಸು.

ಅತ್ತೆಗೆ ಮಕ್ಕಳಿರಲಿಲ್ಲ. ನಾನು ಹೋದರೆ ಆಕೆಗೆ ಹಬ್ಬ. ದಿನಕ್ಕೊಂದು ಬಗೆಯ ಜಡೆ, ಶೇಂಗಾ ಹೋಳಿಗೆ, ಮೇಲೆ ಬಿಸಿ ತುಪ್ಪ. ವಾರಕ್ಕೊಂದು ಸಲ ಮ್ಯಾಟ್ನಿ ಆಟ. ಟಾಕೀಸು ಎಂದರೆ ತಗಡಿನ ಮಾಡು, ಮಣ್ಣಿನ ನೆಲ. ನಡುವೆ ಮೊಳಕಾಲೆತ್ತರದ ಒಂದು ಗೋಡೆ, ಆಚೆ ಗಂಡಸರು, ಈಚೆ ಹೆಂಗಸರು. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು ನಾವೆಲ್ಲ ಒಳಗೆ ಬೇಯುತ್ತಿದ್ದೆವು. ಆದರೂ ನಾನು ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಆ ಸಿನಿಮಾದ ಕಥೆ ಹೇಳುತ್ತೇನೆ, ಕೇಳಿ. ನಾಯಕ ದೊಡ್ಡ ಮನೆಯವನು. ಬಡ ಹುಡುಗಿಯೊಬ್ಬಳಿಗೆ ಗುಡಿಯಲ್ಲಿ ತಾಳಿ ಕಟ್ಟುತ್ತಾನೆ. ಮರುದಿನವೇ ಲಾರಿ ಬಡಿದು ಅವನಿಗೆ ಎಲ್ಲ ಮರೆತುಹೋಗುತ್ತದೆ. ಲಾರಿ ಬಡಿದರೂ ಅವನ ಕ್ರಾಪು ಕೆಟ್ಟಿರುವುದಿಲ್ಲ. ಹುಡುಗಿ ಬಸುರಿ. ಗಂಡನ ಮನೆಯವರು ಒಳಗೆ ಬಿಡುವುದಿಲ್ಲ, ತವರಿನವರು ಬಾಗಿಲು ತೆಗೆಯುವುದಿಲ್ಲ. ಆಕೆ ಊರೂರು ಅಲೆಯುತ್ತಾಳೆ, ಆದರೆ ಎಲ್ಲ ಊರಿನಲ್ಲೂ ಅದೇ ಒಂದು ಬೇವಿನ ಗಿಡ, ಅದೇ ಸೈಕಲ್ಲು. ಇನ್ನು ಆಕೆಯ ಹೊಟ್ಟೆ. ಅದೊಂದು ದಿಂಬು ಎಂಬುದು ಕುರುಡರಿಗೂ ಗೊತ್ತಾಗುವಂತಿತ್ತು. ಓಡುವಾಗ ಎಡಕ್ಕೆ ಹೋಗುತ್ತಿತ್ತು, ಕೂತಾಗ ಎದೆಗೇರುತ್ತಿತ್ತು. ದುಃಖದ ಹಾಡಿನಲ್ಲಿ ಆಕೆ ಕೈಯೆತ್ತಿ ದೇವರನ್ನು ಕೇಳುವಾಗ ಸೀರೆಯ ಕೆಳಗಿನಿಂದ ದಿಂಬಿನ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಗವಸಿನ ಹೂವಿನ ಚಿತ್ತಾರ ಕೂಡ ಕಾಣುತ್ತಿತ್ತು.

ನಾನು ಆ ಸಿನಿಮಾವನ್ನು ಆ ರಜೆಯಲ್ಲಿ ಐದು ಸಲ ನೋಡಿದೆ. ಅಷ್ಟೂ ಸಲ ಅತ್ತೆಯ ತೊಡೆಯ ಮೇಲೆ ಕೂತು ಕಣ್ಣೀರು ಹಾಕಿದೆ. ಆ ಹುಡುಗಿಯಷ್ಟು ಚೆಲುವೆ ಈ ಭೂಮಿಯ ಮೇಲೆ ಇನ್ನೊಬ್ಬಳಿಲ್ಲ ಎಂದು ನನ್ನ ತೀರ್ಮಾನವಾಗಿತ್ತು. ಮನೆಗೆ ಬಂದು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಗಿರಣಿಯ ಹಿಂದಿನ ಓಣಿಯಲ್ಲಿ ‘ದೇವರೇ, ನಾನೇನು ತಪ್ಪು ಮಾಡಿದೆ’ ಎಂದು ಅಲೆಯುತ್ತಿದ್ದೆ. ಒಂದು ದಿನ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಬೆನ್ನಿಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿ ನಿಂತೆ. ಆಕೆ ಗಂಟು ಬಿಚ್ಚಿ, ದಿಂಬನ್ನು ನಾಲ್ಕು ಬೆರಳು ಕೆಳಗೆ ಜರುಗಿಸಿ ಮತ್ತೆ ಕಟ್ಟಿದಳು. ‘ಇಷ್ಟ ಮ್ಯಾಲ ಇರೂದಿಲ್ಲವಾ, ಇಲ್ಲಿ ಇರತೈತಿ’ ಎಂದಳು. ಆಮೇಲೆ ರೊಟ್ಟಿ ಬಡಿಯಲು ಹೋದಳು. ಹೊಡೆತ ತಪ್ಪಿತಲ್ಲ ಎಂದು ನಾನು ಖುಷಿಯಿಂದ ಓಡಿಹೋದೆ.

ಸಿನಿಮಾದಲ್ಲಿ ವಿಶ್ರಾಂತಿಗೆ ಸ್ವಲ್ಪ ಮೊದಲು ಒಂದು ಸೀನು. ನಾಯಕಿ ಒಂದು ಮನೆಯ ಮುಂದೆ ಹಾದು ಹೋಗುತ್ತಾಳೆ. ಒಳಗೆ ಯಾರದೋ ಸೀಮಂತ. ನಮ್ಮ ಕಡೆ ಅದಕ್ಕೆ ಕುಬಸ ಅನ್ನುತ್ತೇವೆ. ಬಸುರಿಯನ್ನು ಕೂರಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಆಕೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಹಾಕಿ ಉಡಿ ತುಂಬುತ್ತಾರೆ. ಖಣವೆಂದರೆ ರವಿಕೆಯ ಬಟ್ಟೆ. ನಾಯಕಿ ಕಿಟಕಿಯಿಂದ ಇಣುಕುತ್ತಾಳೆ, ಒಳಗಿನವರು ಬೈದು ಓಡಿಸುತ್ತಾರೆ. ಆಕೆ ಗುಡಿಯ ಮೆಟ್ಟಿಲ ಮೇಲೆ ಕೂತು ಖಾಲಿ ಸೆರಗು ಹರಡಿಕೊಂಡು ನೋಡುತ್ತಾಳೆ. ತಟ್ಟನೆ ‘ವಿಶ್ರಾಂತಿ’ ಎಂಬ ಸ್ಲೈಡು ಬೀಳುತ್ತದೆ.

ಈ ಸೀನು ಗಿರಣಿಯ ಕಟ್ಟೆಯ ಮೇಲಿನವರ ನಿದ್ದೆ ಕೆಡಿಸಿತು. ಓಣಿಗೆಲ್ಲ ಹಿರಿಯಳಾದ ಗಂಗವ್ವ ಎಂಬಾಕೆ ಒಂದು ದಿನ ಡಬ್ಬಿ ಕುಕ್ಕಿ ಕೂತು ಮಾತು ತೆಗೆದಳು.

‘ಅಲ್ಲವಾ, ಅಕಿ ದಿನಾ ನಮ್ಮೂರಿಗೆ ಬರ್ತಾಳ. ದಿನಕ್ಕ ಮೂರ ಸಲ ಬರ್ತಾಳ. ಬಂದಾಕಿ ಬರೇ ಸೆರಗ ಹಾಸಿ ಕುಂತು ಎದ್ದು ಹೋಗ್ತಾಳ. ನಾವು ಶೇಂಗಾ ತಿಂದು ಮನಿಗೆ ಬರ್ತೀವಿ. ಇದ ಬರೋಬರಿ ಅನಸ್ತೈತೇನ ನಿಮಗ?’

‘ಅದು ಸಿನೆಮಾ ಬೇ ಯಮ್ಮಾ’ ಎಂದು ಯಾರೋ ಕಿರಿಯಳು ನಕ್ಕಳು.

‘ನನಗ ಗೊತ್ತಿಲ್ಲೇನ ಸಿನೆಮಾ ಅಂತ? ಸಿನೆಮಾ ಆದ್ರೂ ಬಸುರಿ ಬಸುರೀನ.’

ಮುಂದಿನ ಶುಕ್ರವಾರದ ಮ್ಯಾಟ್ನಿಗೆ ಓಣಿಯ ಹೆಂಗಸರು ಬುಟ್ಟಿ ಹೊತ್ತು ಹೊರಟರು. ಹೂರಣದ ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ. ಅತ್ತೆ ತನ್ನ ಟ್ರಂಕಿನಿಂದ ಒಂದು ಹಸಿರು ಖಣ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಟಾಕೀಸಿನ ಮ್ಯಾನೇಜರು ಬಾಗಿಲಲ್ಲೇ ಗಾಬರಿಯಾದ. ಗಂಗವ್ವ ವಿಷಯ ತಿಳಿಸಿ, ಆಕೆ ಸೆರಗು ಹಾಸುವ ಹೊತ್ತಿಗೆ ಸರಿಯಾಗಿ ಆಟ ನಿಲ್ಲಿಸಬೇಕು ಎಂದಳು.

‘ನಿಲ್ಲಿಸಿದ್ರ ರೀಲ ಸುಡ್ತೈತ್ರೀ ಅಕ್ಕಾರ, ನನ್ನ ನೌಕರಿ ಹೋಗ್ತೈತಿ’ ಎಂದ ಅವನು. ಆಮೇಲೆ ತಲೆ ಕೆರೆದುಕೊಂಡು, ‘ವಿಶ್ರಾಂತ್ಯಾಗ ಮಾಡ್ರಿ. ಸ್ಲೈಡ ಅಲ್ಲೇ ಬಿಟ್ಟಿರ್ತೇನಿ, ಎಷ್ಟರ ಹೊತ್ತಾಗ್ಲಿ’ ಎಂದು ಒಪ್ಪಿಕೊಂಡ.

ಹಾಗೆಯೇ ಆಯಿತು. ವಿಶ್ರಾಂತಿ ಬಿದ್ದದ್ದೇ ಹೆಂಗಸರು ಎದ್ದು ಪರದೆಯ ಕಡೆ ನಡೆದರು. ಗೋಡೆಯಾಚೆ ಯಾವನೋ ಸಿಳ್ಳೆ ಹಾಕಿದ, ಅವನ ಪಕ್ಕದವನೇ ಅವನ ಬಾಯಿ ಮುಚ್ಚಿಸಿದ. ಆದರೆ ಪರದೆಯ ಹತ್ತಿರ ಹೋದ ಮೇಲೆ ಒಂದು ತೊಡಕು ಎದುರಾಯಿತು. ಪರದೆಗೆ ಉಡಿ ಎಲ್ಲಿದೆ? ಅಕ್ಕಿ ಹಾಕಿದರೆ ಮಣ್ಣಿಗೆ ಬೀಳುತ್ತದೆ. ಗಂಗವ್ವ ಸುತ್ತಲೂ ನೋಡಿ, ‘ಅಕಿ ಪರವಾಗಿ ಯಾರರ ಒಬ್ಬಾಕಿ ಉಡಿ ಹಿಡೀಬೇಕವಾ. ನೀಲವ್ವ, ನೀ ಕುಂಡ್ರು’ ಎಂದಳು.

‘ನಾ ಒಲ್ಲೆ. ನಾ ಯಾಕ? ಮಕ್ಕಳೊಂದಿಗರು ಇದ್ದೀರಿ, ಅವರನ್ನ ಕುಂಡ್ರಸ್ರಿ’ ಎಂದಳು ಅತ್ತೆ.

ಯಾರೂ ಕೇಳಲಿಲ್ಲ. ಇಬ್ಬರು ಎರಡು ತೋಳು ಹಿಡಿದು ಆಕೆಯನ್ನು ಪರದೆಯ ಮುಂದಿನ ಮಣ್ಣಿನ ಕಟ್ಟೆಯ ಮೇಲೆ ಕೂರಿಸಿದರು. ಯಂತ್ರದ ಬೆಳಕು ಸೀದಾ ಆಕೆಯ ಮೇಲೆ ಬೀಳುತ್ತಿತ್ತು. ‘ವಿಶ್ರಾಂತಿ’ಯ ಅರ್ಧ ಅಕ್ಷರಗಳು ಪರದೆಯ ಮೇಲೆ, ಅರ್ಧ ಆಕೆಯ ಕೆನ್ನೆ, ಹೆಗಲ ಮೇಲೆ. ಆಕೆ ತಲೆ ಬಗ್ಗಿಸಿ ಸೆರಗು ಹರಡಿದಳು. ಐದು ಜನ ಮುತ್ತೈದೆಯರು ಸಾಲಾಗಿ ಬಂದು ಉಡಿ ತುಂಬಿದರು, ಗಂಗವ್ವ ಆರತಿ ಹಾಡು ಹೇಳಿದಳು. ಆ ಹೊತ್ತಿನಲ್ಲಿ ನನಗೆ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು. ಸಿನಿಮಾದವಳ ಪರವಾಗಿ ಕೂರುವ ಯೋಗ್ಯತೆ ಆ ಟಾಕೀಸಿನಲ್ಲಿ ಯಾರಿಗಾದರೂ ಇದ್ದರೆ ಐದು ಸಲ ನೋಡಿದ ನನಗಿತ್ತು. ಅತ್ತೆ ಅಳುತ್ತಿದ್ದಳು. ಆ ಹುಡುಗಿಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ.

ವಿಶ್ರಾಂತಿಯ ನಂತರವೂ ನಾಯಕಿಯ ಗೋಳು ತಪ್ಪಲಿಲ್ಲ. ‘ಉಡಿ ತುಂಬಿದ ಮ್ಯಾಲೂ ಅಳತಾಳಲ್ಲೇ ಇಕಿ’ ಎಂದು ಗಂಗವ್ವನಿಗೆ ಬೇಸರವಾಯಿತು. ಕಡೆಗೆ ಕೂಸು ಹುಟ್ಟಿದಾಗ ಅದಕ್ಕೆ ಆರು ತಿಂಗಳಾದರೂ ಆಗಿತ್ತು, ಎರಡು ಹಲ್ಲೂ ಇದ್ದವು. ಆದರೆ ಹೆಂಗಸರೆಲ್ಲ ಕೈಯೆತ್ತಿ ನೆಟಿಕೆ ಮುರಿದರು. ಉಳಿದ ಹೋಳಿಗೆಯನ್ನು ಮ್ಯಾನೇಜರಿಗೂ ಯಂತ್ರ ನಡೆಸುವವನಿಗೂ ಕೊಟ್ಟು ಮನೆಗೆ ಬಂದರು.

ಇದರ ಒಳಗಿನ ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಡಿಗ್ರಿ ಓದುವಾಗ. ಬಾಗೇವಾಡಿಯ ಮನೆಯಲ್ಲಿ ಅವ್ವ ಜೋಳ ಹಸನು ಮಾಡುತ್ತಾ ಮಾತಿಗೆ ಮಾತು ಬಂದು ಹೇಳಿದಳು. ಅತ್ತೆ ಮದುವೆಯಾದ ಎರಡನೆಯ ವರ್ಷ ಬಸುರಿಯಾಗಿದ್ದಳಂತೆ. ಏಳನೆಯ ತಿಂಗಳಲ್ಲಿ ಕುಬಸ ಮಾಡುವುದೆಂದು ದಿನ ಗೊತ್ತಾಗಿತ್ತು. ಅಪ್ಪ ತಂಗಿಗೆಂದು ಹಸಿರು ಖಣ ಒಯ್ದು ಕೊಟ್ಟು ಬಂದಿದ್ದ. ಕುಬಸಕ್ಕೆ ಇನ್ನು ನಾಲ್ಕು ದಿನ ಇರುವಾಗ ಕೂಸು ಹೊಟ್ಟೆಯಲ್ಲೇ ಹೋಯಿತು. ಮತ್ತೆ ಬಸುರು ನಿಲ್ಲಲಿಲ್ಲ. ಆ ಖಣ ಆ ಶುಕ್ರವಾರದವರೆಗೂ ಟ್ರಂಕಿನಲ್ಲೇ ಉಳಿದಿತ್ತು.

‘ಗಂಗವ್ವಗ ಎಲ್ಲಾ ಗೊತ್ತಿತ್ತು. ನಮ್ಮ ನೀಲಾನ ಉಡಿ ತುಂಬಾಕ ಆಕಿಗೊಂದು ನೆವ ಬೇಕಾಗಿತ್ತು, ಸಿನೆಮಾದಾಕಿ ಸಿಕ್ಕಳು’ ಎಂದಳು ಅವ್ವ. ನಾನು ಎದ್ದು ಹೋಗಿ ಹಿತ್ತಲಲ್ಲಿ ನಿಂತು ಅತ್ತದ್ದು ನಿಜ.

ಹಾಗೆ ಅತ್ತವಳು ಮುಂದೆ ಮಾಡಿದ್ದು ಕೇಳಿ.

ಮುದ್ದೇಬಿಹಾಳದಲ್ಲಿ ನನಗೆ ನೌಕರಿಯಾಗಿ, ಮದುವೆಯೂ ಆದ ಹೊತ್ತಿಗೆ ಊರಿನಲ್ಲಿ ಇಂಟರ್ನೆಟ್ ಅಂಗಡಿಗಳು ಬಂದಿದ್ದವು. ಪ್ಲೈವುಡ್ಡಿನ ಗೂಡು, ಕಿರ್ರೆನ್ನುವ ಫ್ಯಾನು. ಕಾಲೇಜು ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುವುದು ನನ್ನ ಚಟವಾಯಿತು. ಒಂದು ಸಂಜೆ ಯಾವುದೋ ಗುಂಪಿನ ಪುಟ ಕಣ್ಣಿಗೆ ಬಿತ್ತು. ಬೆಂಗಳೂರು, ಮೈಸೂರು, ಮಂಗಳೂರು, ಹೀಗೆ ಎಲ್ಲೆಲ್ಲಿಯದೋ ಓದಿದ ಹುಡುಗರು ಹುಡುಗಿಯರು ಅಲ್ಲಿ ಮೂಲೆಗೆ ಬಿದ್ದ ಕನ್ನಡ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದರು. ನೋಡಿದರೆ ನನ್ನ ಸಿನಿಮಾ. ಎರಡು ನಿಮಿಷದ ತುಣುಕು ಇಳಿಯಲು ಅರ್ಧ ಗಂಟೆ ಹಿಡಿಯಿತು. ತುಂಡು ತುಂಡಾಗಿ ಆಕೆ ಬಂದಳು. ಅದೇ ಹಾಡು, ಅದೇ ಎತ್ತಿದ ಕೈ. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಕೆಳಗೆ ಬರೆದಿದ್ದರು: ‘ಇದರಷ್ಟು ಪ್ರೀತಿಯ ಸಿನಿಮಾ ನನಗೆ ಇನ್ನೊಂದಿಲ್ಲ.’ ‘ಮಾಸ್ಟರ್‌ಪೀಸ್.’ ‘ದಿನಾ ಮಲಗುವ ಮುಂಚೆ ನೋಡುತ್ತೇನೆ.’

ನನ್ನ ಜನ ಸಿಕ್ಕರು ಎಂದುಕೊಂಡೆ, ನೋಡಿ. ಎಂಥ ಪೆದ್ದಿ ನಾನು. ಕೂತಲ್ಲೇ ಬಡಬಡ ಟೈಪು ಮಾಡಿದೆ. ಚಿಕ್ಕವಳಿದ್ದಾಗ ಐದು ಸಲ ನೋಡಿದೆ, ಈಗಲೂ ನೆನೆದರೆ ಅಳು ಬರುತ್ತದೆ, ನೀವೆಲ್ಲ ಇದನ್ನು ಇಷ್ಟು ಹಚ್ಚಿಕೊಂಡದ್ದು ನೋಡಿ ಬಹಳ ಸಂತೋಷವಾಯಿತು ಎಂದು. ಕಳಿಸುವ ಮೊದಲು ಉಳಿದದ್ದನ್ನೂ ಓದಿದೆ. ಕೆಳಕೆಳಗೆ ಹೋದಂತೆ ತಿಳಿಯಿತು. ಅಲ್ಲಿ ಪ್ರೀತಿ ಎಂದರೆ ಪ್ರೀತಿಯಲ್ಲ. ಸೀರೆಯ ಕೆಳಗಿನ ದಿಂಬಿನ ಮೂಲೆಗೆ ಕೆಂಪು ಗೆರೆಯ ಸುತ್ತು ಎಳೆದಿದ್ದರು. ಆಕೆಗೆ ದಿಂಬಮ್ಮ ಎಂದು ಹೆಸರಿಟ್ಟಿದ್ದರು. ಯಾರೋ ಒಬ್ಬ ಮುಗ್ಧ ‘ನನಗೆ ನಿಜಕ್ಕೂ ಇಷ್ಟ’ ಎಂದು ಬರೆದಿದ್ದ. ಅವನನ್ನು ಹತ್ತು ಜನ ಸೇರಿ ಹುರಿದು ಮುಕ್ಕಿದ್ದರು.

ಬರೆದದ್ದನ್ನೆಲ್ಲ ಅಳಿಸಿದೆ. ಅಲ್ಲಿಗೇ ಎದ್ದು ಮನೆಗೆ ಹೋಗಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ. ಏಳಲಿಲ್ಲ. ಅವರ ನಡುವೆ ನಾನೂ ಒಬ್ಬಳಾಗಬೇಕು ಅನ್ನಿಸಿತು. ಅಷ್ಟು ಚುರುಕು ಮಾತಿನ ಜನ ನನ್ನನ್ನೂ ಚುರುಕು ಅನ್ನಬೇಕು ಅನ್ನಿಸಿತು. ನನ್ನ ಹತ್ತಿರ ಅವರ ಯಾರ ಹತ್ತಿರವೂ ಇಲ್ಲದ ಒಂದು ಸರಕಿತ್ತು. ಬರೆದೆ. ‘ದಿಂಬಮ್ಮನ ಸೀಮಂತ’ ಎಂದು ಹೆಸರು ಕೊಟ್ಟೆ.

ಚೆನ್ನಾಗಿ ಬರೆದಿದ್ದೆ, ಅದೇ ದುಃಖ. ಗಂಗವ್ವ ಡಬ್ಬಿ ಕುಕ್ಕಿದ್ದು, ಮ್ಯಾನೇಜರು ತಲೆ ಕೆರೆದುಕೊಂಡದ್ದು, ಪರದೆಗೆ ಉಡಿ ಹುಡುಕಿದ್ದು, ಎಲ್ಲ ಬಂದವು. ಹಳ್ಳಿ ಹೆಂಗಸರಿಗೆ ದಿಂಬಿಗೂ ಬಸುರಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಎಂದು ಬರೆದೆ. ಕಡೆಯ ಸಾಲಿಗೆ ಒಂದು ಏಟು ಬೇಕಿತ್ತು. ಪರದೆಯ ಮುಂದೆ ಮಕ್ಕಳಿಲ್ಲದ ನನ್ನ ಅತ್ತೆಯನ್ನು ಕೂರಿಸಿ ಉಡಿ ತುಂಬಿದರು, ಹೀಗಾಗಿ ಅವತ್ತು ಸಿಂದಗಿಯಲ್ಲಿ ಎರಡು ಸುಳ್ಳು ಬಸುರಿಗೆ ಒಂದೇ ಖರ್ಚಿನಲ್ಲಿ ಸೀಮಂತವಾಯಿತು ಎಂದು ಮುಗಿಸಿದೆ. ಅವ್ವ ಹೇಳಿದ ಸಂಗತಿ, ಆ ನಾಲ್ಕು ದಿನದ ಸಂಗತಿ ನನ್ನ ತಲೆಯಲ್ಲಿ ಇರಲಿಲ್ಲವೆಂದಲ್ಲ. ಇತ್ತು. ಅದನ್ನು ಬರೆದರೆ ನಗು ಕೆಡುತ್ತಿತ್ತು, ಅದಕ್ಕೆ ಬಿಟ್ಟೆ. ಈ ಮಾತು ಬರೆಯುವಾಗ ನನ್ನ ಮುಖ ನನಗೇ ಬಿಸಿಯಾಗುತ್ತಿದೆ.

ಜನ ಬಿದ್ದು ಬಿದ್ದು ನಕ್ಕರು. ಅವತ್ತು ಎರಡು ತಾಸು ಕೂತು ಒಂದೊಂದೇ ಹೊಗಳಿಕೆ ಓದಿದೆ, ಪ್ರಿಂಟು ತೆಗೆಸಿಕೊಂಡು ಹೋಗಿ ಗಂಡನಿಗೂ ಓದಿ ಹೇಳಿದೆ. ಕೆಲವು ತಿಂಗಳ ಮೇಲೆ ಒಂದು ವಾರಪತ್ರಿಕೆಯವರು ಅದನ್ನು ಅಚ್ಚು ಹಾಕುತ್ತೇವೆ ಎಂದು ಕೇಳಿದರು. ಗುಂಪಿನಲ್ಲಿ ನಾನು ಬೇರೆ ಹೆಸರಿನಿಂದ ಬರೆದಿದ್ದೆ. ಪತ್ರಿಕೆಗೆ ಸ್ವಂತ ಹೆಸರು ಕೊಟ್ಟೆ, ಫೋಟೋ ಕೂಡ ಕೊಟ್ಟೆ. ಅಚ್ಚಿನಲ್ಲಿ ಮುಖ ಬರುವುದೆಂದರೆ ಸಣ್ಣ ಮಾತೇ?

ಆಗ ನಾನು ಬಸುರಿ. ಸುದ್ದಿ ತಿಳಿದ ದಿನವೇ ಅತ್ತೆ ಸಿಂದಗಿಯಿಂದ ಫೋನು ಮಾಡಿದ್ದಳು. ‘ಕುಬಸದಾಗ ಮೊದಲ ಉಡಿ ನಾ ತುಂಬಾಕಿ. ಯಾರ ಏನ ಅಂದ್ರೂ ನಾ ಕೇಳಾಕಿ ಅಲ್ಲ ಮತ್ತ’ ಎಂದಿದ್ದಳು. ಯಾರಾದರೂ ಏನಾದರೂ ಅನ್ನಬಹುದು ಎಂದು ಆಕೆಗೆ ಗೊತ್ತಿತ್ತು. ಕೂಸು ಕಳಕೊಂಡ ಹೆಂಗಸಿನ ಕೈಯಿಂದ ಮೊದಲ ಉಡಿ ಬೇಡ ಅನ್ನುವ ಮಂದಿ ಎಲ್ಲ ಮನೆಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಅದಕ್ಕೇ ಯಾರ ಕುಬಸಕ್ಕೆ ಹೋದರೂ ಆಕೆ ಅಡುಗೆ ಮನೆಯಲ್ಲೇ ಇದ್ದು ಬರುತ್ತಿದ್ದಳು. ನನ್ನ ವಿಷಯದಲ್ಲಿ ಮಾತ್ರ ಹಟ ಹಿಡಿದಿದ್ದಳು. ಇಂಡಿಯಿಂದ ಬಂದಿದ್ದ ನಮ್ಮ ಅತ್ತೆಯವರನ್ನು, ಅಂದರೆ ಗಂಡನ ತಾಯಿಯನ್ನು ಕೇಳಿದೆ. ‘ತುಂಬಲಿ ಬಿಡವಾ, ಎತ್ತಿ ಆಡಿಸಿದಾಕಿ’ ಎಂದು ಅವರು ಲಿಂಬೆ ಹಣ್ಣು ಹೆಚ್ಚುತ್ತಾ ಅಂದುಬಿಟ್ಟರು. ಫೋನಿನಲ್ಲಿ ಅದನ್ನು ಹೇಳಿದಾಗ ಅತ್ತೆ ‘ಖರೇನ?’ ಎಂದು ಮೂರು ಸಲ ಕೇಳಿದಳು.

ಆರನೆಯ ತಿಂಗಳಲ್ಲಿ ಆಕೆಯನ್ನು ನೋಡಿ ಬರೋಣವೆಂದು ಸಿಂದಗಿಗೆ ಹೋದೆ. ಬಸ್ಸಿಳಿದು ಓಣಿಗೆ ಬಂದರೆ ಗಿರಣಿ ಸದ್ದಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡು ಬಾಗಿಲಿಗೆ ಬಂದೆ. ಕರೆಂಟು ಇತ್ತು. ಮಾಮಾ ಮೋಟರು ಬಂದ್ ಮಾಡಿ ನಿಂತಿದ್ದ, ಕೈಯಲ್ಲಿ ವಾರಪತ್ರಿಕೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನನ್ನ ಫೋಟೋ ಕಂಡು ಐದು ಪ್ರತಿ ಕೊಂಡು ತಂದಿದ್ದನಂತೆ. ಎದುರಿಗೆ ಓಣಿಯ ಹೆಂಗಸರೆಲ್ಲ ಕೂತಿದ್ದರು, ಹಣ್ಣು ಹಣ್ಣು ಮುದುಕಿಯಾದ ಗಂಗವ್ವ ಕೂಡ. ಅತ್ತೆ ಹೊಸ್ತಿಲ ಮೇಲೆ ಕೂತು ಮೊರ ಹಿಡಿದುಕೊಂಡಿದ್ದಳು. ‘ಬಾ ಬಾ, ನಿಂದ ಓದಾಕತ್ತೇನಿ’ ಎಂದು ಮಾಮಾ ಗಟ್ಟಿ ದನಿಯಲ್ಲಿ ಮುಂದುವರಿಸಿದ. ಓದಿದ್ದೇ ಆರನೆಯ ಇಯತ್ತೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ.

ಹೆಂಗಸರು ನಗುತ್ತಿದ್ದರು. ಗಂಗವ್ವ ತನ್ನ ಮಾತು ತಾನೇ ಕೇಳಿ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು. ‘ಮಾಮಾ, ಸಾಕು ಬಿಡು, ನೀರಡಿಕಿ ಆಗೇತಿ’ ಎಂದೆ. ‘ತಡಿಯವಾ, ಮುಗೀತು’ ಎಂದ. ದಿಂಬಿಗೂ ಬಸುರಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಎಂಬಲ್ಲಿ ಒಂದಿಬ್ಬರು ನಗುವುದು ಬಿಟ್ಟರು. ಮಕ್ಕಳಿಲ್ಲದ ನನ್ನ ಅತ್ತೆ ಎಂಬಲ್ಲಿ ಮಾಮಾ ತಡವರಿಸಿದ. ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದೋ ಏನೋ, ಕಡೆಯ ಸಾಲನ್ನೂ ಓದಿದ. ಅಷ್ಟು ಮೆಲ್ಲನೆಯ ದನಿ ಆ ಗಿರಣಿಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಓದಿ, ಪತ್ರಿಕೆ ಮಡಚಿ, ಮೋಟರು ಚಾಲು ಮಾಡಿದ.

ಒಳಗೆ ಅತ್ತೆ ನನಗೆ ತಾಟು ಹಾಕಿದಳು. ಎಂದಿನಂತೆಯೇ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ, ಬೇರೆಯೇ ಮಾತು ಬಂತು.

‘ಅತ್ತಿ, ಅದು ಮಂದಿ ನಗಲಿ ಅಂತ ಬರದದ್ದು.’

‘ನಕ್ಕರಲ್ಲ, ಬಿಡು’ ಎಂದಳು. ಇನ್ನೊಂದು ರೊಟ್ಟಿ ಹಾಕಿ, ‘ದಿಂಬ ಅಂಬೂದು ನಮಗೂ ಕಾಣ್ತಿತ್ತು ತಂಗಿ. ಗವಸಿನ ಹೂವಾ ಸುದ್ದಾ ಕಾಣ್ತಿತ್ತು’ ಎಂದಳು.

ನಾನು ರೊಟ್ಟಿಯ ತುದಿ ಮುರಿದು ತಾಟಿನಲ್ಲೇ ಬಿಟ್ಟೆ.

‘ಆ ಹುಡುಗಿ ಈಗ ಎಲ್ಲಿ ಅದಾಳಂತ? ಅಕಿನೂ ಇದನ್ನ ಓದಿರತಾಳೇನ?’ ಎಂದು ಕೇಳಿದಳು. ಅಷ್ಟು ವರ್ಷದಲ್ಲಿ, ಆ ಗುಂಪಿನಲ್ಲಿ, ಆ ನೂರಾರು ನಗುವಿನ ನಡುವೆ ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದೆ. ಹೊರಡುವಾಗ, ‘ಕುಬಸಕ್ಕ ಬರ್ತೀಯಲ್ಲ ಅತ್ತಿ?’ ಎಂದು ಕೇಳಿದೆ. ‘ನೋಡೂಣು, ಮೈ ಹುಷಾರಿದ್ರ ಬರ್ತೇನಿ’ ಎಂದಳು. ಆಕೆಗೆ ಮೈ ಹುಷಾರಿಲ್ಲದ್ದು ನಾನು ಕಂಡೇ ಇಲ್ಲ.

ಬಂದಳು. ಏಳನೆಯ ತಿಂಗಳ ಒಂದು ಶುಕ್ರವಾರ, ಮುದ್ದೇಬಿಹಾಳದ ನಮ್ಮ ಬಾಡಿಗೆ ಮನೆಗೆ, ಮಾಮಾನ ಜೊತೆ, ಎರಡು ಬುಟ್ಟಿ ತುಂಬ ಬುತ್ತಿ ಕಟ್ಟಿಕೊಂಡು ಬಂದಳು. ನನ್ನ ಕೆನ್ನೆಗೆ ಅರಿಶಿನ ಹಚ್ಚಿದಳು, ಬಳೆಗಾರನ ಹತ್ತಿರ ಜಗಳಾಡಿ ನನ್ನ ಕೈಗೆ ನೋವಾಗದ ಅಳತೆಯ ಬಳೆ ಇಡಿಸಿದಳು. ನನ್ನ ಎದೆ ಹಗುರಾಯಿತು. ಮರೆತಿದ್ದಾಳೆ ಎಂದುಕೊಂಡೆ. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆಯ ಸೆರಗು ಹರಡಿಕೊಂಡು ಕೂತೆ. ಮನೆ ತುಂಬ ಹೆಂಗಸರು, ನನ್ನ ಕಾಲೇಜಿನವರೂ ಇದ್ದರು. ಯಾರೋ ‘ಮೊದಲ ಉಡಿ ಯಾರು ತುಂಬಾಕಿ?’ ಎಂದರು. ನನ್ನ ಅತ್ತೆಯವರು, ‘ನೀಲವ್ವಾರ, ಬರ್ರಿ’ ಎಂದು ಕರೆದರು.

ಅತ್ತೆ ಬೊಗಸೆಯಲ್ಲಿ ಅಕ್ಕಿ ಹಿಡಿದು ನನ್ನ ಎದುರಿಗೆ ಬಂದು ನಿಂತಳು. ನನ್ನ ಸೆರಗು ನೋಡಿದಳು, ತುಂಬಿದ ಹೊಟ್ಟೆ ನೋಡಿದಳು, ಸುತ್ತ ನೆರೆದ ಓದಿದ ಹೆಂಗಸರನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಅಕ್ಕಿಯನ್ನು ಅವ್ವನ ಕೈಗೆ ಸುರಿದಳು.

‘ಅತ್ತಿ, ನೀನ ಹಾಕು’ ಎಂದೆ. ಸೆರಗನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ.

‘ಬ್ಯಾಡವಾ. ನಾಳೆ ಇದನೂ ನೀ ಬರೀತಿ’ ಎಂದು ಆಕೆ ನಕ್ಕಳು.

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ನಾನೂ ನಕ್ಕೆ.